ಅಕ್ಕೋರನ್ನು ಕೇಳಿ: ಮೋಟುಬಾಲದ ಸ್ಕ್ವಿಡ್, ತೊಗರಿಯ ಬೇರು ಮತ್ತು ನನ್ನ ತಪ್ಪು

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಪ್ರಾಣಿಯ ಬೆನ್ನು ಹತ್ತಿವೆ. ಹವಾಯಿ ದ್ವೀಪಗಳ ಮೋಟುಬಾಲದ ಸ್ಕ್ವಿಡ್ ಎಂಬ ಮೆತ್ತನೆಯ ಮೈಯ ಕಡಲ ಜೀವಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಹೀಗೆ ಬರೆದಿದ್ದೆ: "ಹೆಬ್ಬೆರಳಿನಷ್ಟು ಇರುವ ಈ ಜೀವಿ ರಾತ್ರಿ ತನ್ನ ಮೈಯಿಂದ ಬೆಳಕು ಹೊರಡಿಸಿ, ಆ ಬೆಳಕಿಗೆ ಬರುವ ಸೀಗಡಿಗಳನ್ನು ಹಿಡಿದು ತಿನ್ನುತ್ತದೆ." ಕಡಲು ನೋಡಬೇಕಾದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕಾದ ಸೀಮೆ ನಮ್ಮದು. ಇಲ್ಲಿಯವರಿಗೆ ಇದರ ಮೇಲೆ ಇಷ್ಟು ಅಕ್ಕರೆ ಹುಟ್ಟೀತೆಂದು ನಾನು ಎಣಿಸಿರಲಿಲ್ಲ. ಪತ್ರಗಳಲ್ಲಿ ಒಂದು ನನ್ನ ಕಿವಿ ಹಿಂಡಿದೆ. ಅದರಿಂದಲೇ ಆರಂಭಿಸುತ್ತೇನೆ.

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ರಾತ್ರಿ ಹೊಲ ಕಾಯುವಾಗ ಬ್ಯಾಟರಿ ಹಚ್ಚಿದರೆ ನಾವು ಎಲ್ಲಿದ್ದೇವೆಂದು ಹಂದಿಗಳಿಗೆ ಗೊತ್ತಾಗಿಬಿಡುತ್ತದೆ. ಹೆಬ್ಬೆರಳಿನಷ್ಟು ಪ್ರಾಣಿ ಕತ್ತಲಲ್ಲಿ ದೀಪ ಹಚ್ಚಿಕೊಂಡು ತಿರುಗಿದರೆ ದೊಡ್ಡ ಮೀನು ಸುಮ್ಮನೆ ಬಿಟ್ಟೀತೇ? ನೀವು ಬರೆದದ್ದು ನನ್ನ ಬುದ್ಧಿಗೆ ಒಗ್ಗಲಿಲ್ಲ.
— ತೊಗರಿ ಬೆಳೆಗಾರ, ಚಿತ್ತಾಪುರ ತಾಲ್ಲೂಕು

ಒಗ್ಗದಿರುವುದೇ ಸರಿ. ಒಂದೇ ವಾಕ್ಯದಲ್ಲಿ ಎರಡು ತಪ್ಪು ಮಾಡಿದ್ದೇನೆ. ಆ ಬೆಳಕು ಸೀಗಡಿಗೆ ಒಡ್ಡಿದ ಆಮಿಷವಲ್ಲ. ಅದು ಸ್ಕ್ವಿಡ್ಡಿನ ಸ್ವಂತ ಬೆಳಕೂ ಅಲ್ಲ. ಆಳಸಮುದ್ರದಲ್ಲಿ ತಲೆಯ ಮೇಲೆ ದೀಪದ ಗಾಳ ಹೊತ್ತು ತಿರುಗುವ ಬೇರೊಂದು ಮೀನಿನ ಕಥೆಯನ್ನು ತಂದು ಈ ಬಡಪಾಯಿಯ ಕೊರಳಿಗೆ ಕಟ್ಟಿದ್ದೆ. ಮೂವತ್ತು ವರ್ಷ ಪಾಠ ಹೇಳಿದವಳು, ಗೊತ್ತಿದೆ ಎಂಬ ಧೈರ್ಯದಲ್ಲಿ ಪುಸ್ತಕ ತೆರೆಯದೆ ಬರೆದರೆ ಹೀಗಾಗುತ್ತದೆ.

ಮೊದಲ ತಪ್ಪನ್ನು ತಿದ್ದಲು ನಮ್ಮೂರಿನ ಬಾವಿಗೆ ಇಳಿಯಬೇಕು. ಭೀಮಾ ದಂಡೆಯ ಊರು, ಕಲ್ಲು ಕಟ್ಟಿದ ಮೆಟ್ಟಿಲ ಬಾವಿ. ಬೇಸಿಗೆಯಲ್ಲಿ ಬೆನ್ನಿಗೆ ಒಣಗಿದ ಕುಂಬಳಬುರುಡೆ ಕಟ್ಟಿಕೊಂಡು ಈಜು ಕಲಿತವಳು ನಾನು. ಬುರುಡೆ ಬಿಟ್ಟ ಮೇಲೆ ಮುಳುಗಿ ಕಣ್ಣು ತೆರೆಯುವುದೇ ಒಂದು ಆಟವಾಯಿತು. ಸುತ್ತ ಹಸಿರು ಕತ್ತಲು, ಮೇಲೆ ಬಾವಿಯ ಬಾಯಿ ಬೆಳ್ಳನೆಯ ತಟ್ಟೆಯಂತೆ. ನಮ್ಮ ಅಣ್ಣ ಮೆಟ್ಟಿಲಿನಿಂದ ಜಿಗಿದರೆ ಆ ತಟ್ಟೆಯ ನಡುವೆ ಎರಡು ಕರಿ ಪಾದ, ಆಮೇಲೆ ಕೈ ಚಾಚಿದ ಕರಿ ಗೊಂಬೆ ಮೂಡುತ್ತಿತ್ತು. ಮೂಗಿಲ್ಲ, ಬಾಯಿಲ್ಲ, ಬರೀ ಆಕಾರ. ಅವನು ಉಟ್ಟ ಚಡ್ಡಿ ಕೆಂಪೋ ಬಿಳಿಯೋ ಕೆಳಗಿದ್ದವಳಿಗೆ ತಿಳಿಯುತ್ತಿರಲಿಲ್ಲ. ಮೇಲಿನ ಬೆಳಕಿಗೆ ಅಡ್ಡ ಬಂದದ್ದೆಲ್ಲ ಕಪ್ಪೇ.

ಹವಾಯಿಯ ತೀರದ ಆಳವಿಲ್ಲದ ನೀರಿನಲ್ಲಿ, ಬೆಳದಿಂಗಳ ರಾತ್ರಿ, ತಳದಲ್ಲಿ ಹೊಂಚು ಹಾಕಿದ ಮೀನಿಗೂ ಮೇಲೆ ಈಜುವ ಪ್ರಾಣಿ ಕಾಣುವುದು ಹೀಗೆಯೇ. ಈಗ ನಮ್ಮ ಅಣ್ಣನ ಹೊಟ್ಟೆ ಆಕಾಶದಷ್ಟೇ ಬೆಳ್ಳಗೆ, ಒಂದು ಗುಲಗಂಜಿ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂಬಂತೆ ಬೆಳಗುತ್ತಿತ್ತು ಎಂದುಕೊಳ್ಳಿ. ನನ್ನ ತಲೆಯ ಮೇಲೆ ಬೀಳುವವರೆಗೂ ಅವನು ಕಾಣುತ್ತಿರಲಿಲ್ಲ. ಸ್ಕ್ವಿಡ್ ಮಾಡುವುದು ಅದನ್ನೇ. ಅದರ ಬೆಳಕು ಹೊಟ್ಟೆಯ ಕಡೆಯಿಂದ ಕೆಳಕ್ಕೆ ಬೀಳುತ್ತದೆ, ಮೇಲಿನಿಂದ ಬರುವ ಚಂದ್ರನ ಅಥವಾ ನಕ್ಷತ್ರಗಳ ಬೆಳಕಿಗೆ ಸರಿಸಮನಾಗಿರುತ್ತದೆ. ನಿಮ್ಮ ಬ್ಯಾಟರಿ ನಿಮ್ಮನ್ನು ತೋರಿಸುತ್ತದೆ, ಅದರ ಬ್ಯಾಟರಿ ಅದನ್ನು ಅಳಿಸುತ್ತದೆ.

ಸರಿಸಮ ಮಾಡುವುದು ಹೇಗೆಂದರೆ, ಕಂದೀಲಿನ ಬತ್ತಿ ಏರಿಸಿ ಇಳಿಸಿದ ಹಾಗೆ. ಮೈಚೀಲದ ಒಳಗೆ ಎರಡು ಹಾಲೆಗಳ ಒಂದು ಬೆಳಕಿನ ಅಂಗವಿದೆ. ಅದರ ಹಿಂದೆ ಕನ್ನಡಿಯಂತೆ ಹೊಳೆಯುವ ಪದರ, ಮುಂದೆ ಮಸೂರ. ಸ್ಕ್ವಿಡ್ಡಿಗೆ ಮಸಿಯ ಚೀಲ ಇರುವುದು ನಿಮಗೆ ಗೊತ್ತು. ಶತ್ರುವಿನ ಮುಖಕ್ಕೆ ಮಸಿ ಎರಚುವ ಆ ಚೀಲವೇ ಇಲ್ಲಿ ಅಂಗದ ಸುತ್ತ ಪರದೆಯಂತೆ ಸರಿದು ಬೆಳಕು ಎಷ್ಟು ಹೊರಬೀಳಬೇಕೆಂದು ನಿರ್ಧರಿಸುತ್ತದೆ. ಇನ್ನೂ ಸೋಜಿಗದ ಸಂಗತಿ, ಈ ಅಂಗವು ಬೆಳಕನ್ನು ಬೀರುವುದಷ್ಟೇ ಅಲ್ಲ, ಕಣ್ಣಿನಂತೆ ಬೆಳಕನ್ನು ಗ್ರಹಿಸಲೂ ಬಲ್ಲದು.

ಎರಡನೆಯ ತಪ್ಪು ದೊಡ್ಡದು. ಬೆಳಗುವುದು ಸ್ಕ್ವಿಡ್ ಅಲ್ಲ, ಅದರೊಳಗೆ ಬಿಡಾರ ಹೂಡಿದ ವಿಬ್ರಿಯೊ ಫಿಷೆರಿ ಎಂಬ ಬ್ಯಾಕ್ಟೀರಿಯಾ. ಇದನ್ನು ನಿಮಗೆ ಹೇಳುವುದು ಸುಲಭ, ಏಕೆಂದರೆ ಇದೇ ವ್ಯವಹಾರ ನಿಮ್ಮ ಹೊಲದಲ್ಲಿ ಪ್ರತಿ ಮುಂಗಾರಿಗೂ ನಡೆಯುತ್ತದೆ.

ಬಿತ್ತಿದ ಒಂದೂವರೆ ತಿಂಗಳಿಗೆ ಒಂದು ತೊಗರಿ ಗಿಡವನ್ನು ಕೀಳಿ. ಜಗ್ಗಿ ಕೀಳಬೇಡಿ, ಗಂಟುಗಳೆಲ್ಲ ಮಣ್ಣಿನಲ್ಲೇ ಉಳಿಯುತ್ತವೆ. ಕುರುಪಿಯಿಂದ ಸುತ್ತ ಅಗೆದು, ಎರೆಮಣ್ಣಿನ ಹೆಂಟೆಯ ಸಮೇತ ಎತ್ತಿ ಬಕೆಟ್ ನೀರಿನಲ್ಲಿ ಅದ್ದಿಡಿ. ಮಣ್ಣು ಕರಗಿದ ಮೇಲೆ ಬೇರಿಗೆ ಜೋಳದ ಕಾಳಿನಷ್ಟು ಗಂಟುಗಳು ಅಂಟಿರುವುದು ಕಾಣುತ್ತದೆ. ಒಂದನ್ನು ಬ್ಲೇಡಿನಿಂದ ಸೀಳಿ. ಒಳಗೆ ಗುಲಾಬಿ ಬಣ್ಣ, ಹಸಿ ಮಾಂಸದಂತೆ, ಉಗುರಿಗೆ ಹತ್ತುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸೋದರ ಸಂಬಂಧಿಯೊಂದು ಅಲ್ಲಿದೆ. ನಾನು ಪ್ರತಿ ವರ್ಷ ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಇದನ್ನು ತೋರಿಸುತ್ತಿದ್ದೆ. "ಗಿಡಕ್ಕೂ ರಕ್ತ ಇದೆಯೇ?" ಎಂದು ಒಬ್ಬರಾದರೂ ಕೇಳದ ವರ್ಷವಿಲ್ಲ. ಗಂಟಿನೊಳಗಿನ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವ ಗೊಬ್ಬರ ಮಾಡುತ್ತದೆ, ಗಿಡ ಅದಕ್ಕೆ ಸಕ್ಕರೆ ಉಣಿಸುತ್ತದೆ. ಬೀಜಕ್ಕೆ ಬೆಲ್ಲದ ನೀರಿನಲ್ಲಿ ಕಲಸಿ ಹಚ್ಚುತ್ತೀರಲ್ಲ, ಆ ಕಪ್ಪು ಪುಡಿಯಲ್ಲಿ ಇರುವುದು ಇದೇ.

ತೊಗರಿಯ ಮೊಳಕೆಯ ಹಾಗೆಯೇ ಸ್ಕ್ವಿಡ್ಡಿನ ಮರಿಯೂ ಬರಿಗೈಯಲ್ಲಿ ಹುಟ್ಟುತ್ತದೆ. ಮೊಟ್ಟೆಯಿಂದ ಹೊರಬಂದಾಗ ಅದರ ಮೈಯ ಉದ್ದ ಸುಮಾರು 2 ಮಿಲಿಮೀಟರ್, ಒಳಗೆ ಒಂದೂ ವಿಬ್ರಿಯೊ ಇಲ್ಲ. ಸಮುದ್ರದ ಒಂದು ಮಿಲಿಲೀಟರ್ ನೀರಿನಲ್ಲಿ ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳಲ್ಲಿ ವಿಬ್ರಿಯೊ ಫಿಷೆರಿ ಸಾವಿರಕ್ಕೆ ಒಂದೂ ಇಲ್ಲ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಕೂಸನ್ನು ಹುಡುಕಿದಂತೆ ಅದನ್ನು ಹುಡುಕಬೇಕು. ಮರಿಯ ಬೆಳಕಿನ ಅಂಗದ ಹೊರಗೆ ಅಲುಗಾಡುವ ಲೋಮಾಂಗಗಳಿರುವ, ಎಂದರೆ ಕೂದಲೆಳೆಯಂಥ ಸಣ್ಣ ಎಳೆಗಳಿರುವ, ಪುಟ್ಟ ತೋಳುಗಳಿವೆ. ಅವು ನೀರನ್ನು ಬಳಿದುಕೊಳ್ಳುತ್ತವೆ, ಲೋಳೆ ಸುರಿಸುತ್ತವೆ. ಬ್ಯಾಕ್ಟೀರಿಯಾ ಆ ಲೋಳೆಯಲ್ಲಿ ಗುಂಪುಗೂಡುತ್ತದೆ. ಅಲ್ಲಿಂದ ಪಕ್ಕಕ್ಕೆ ಮೂರರಂತೆ ಇರುವ ಆರು ಸಣ್ಣ ರಂಧ್ರಗಳ ಮೂಲಕ ಒಳಗಿನ ಕೋಣೆಗಳನ್ನು ಸೇರುತ್ತದೆ. ಅರ್ಧ ದಿನದೊಳಗೆ ಮರಿ ಬೆಳಗತೊಡಗುತ್ತದೆ.

ದಾರಿ ತೋರಿಸುವುದು ಯಾವುದು ಗೊತ್ತೇ? ಕೈಟಿನ್. ಸೀಗಡಿಯ ಚಿಪ್ಪು, ಜೀರುಂಡೆಯ ಕವಚ ಆಗಿರುವುದು ಇದರಿಂದಲೇ. ಕೈಟಿನ್ನಿನ ಎರಡು ಸಕ್ಕರೆಗಳ ತುಣುಕನ್ನು ಮರಿ ಸೋರಿಸುತ್ತದೆ, ವಿಬ್ರಿಯೊ ಅದರ ಜಾಡು ಹಿಡಿದು ಬರುತ್ತದೆ. ತೊಗರಿಯ ಬೇರಿಗೆ "ನಾನು ಬಂದಿದ್ದೇನೆ, ಬಾಗಿಲು ತೆಗೆ" ಎಂದು ರೈಜೋಬಿಯಂ ಕಳುಹಿಸುವ ಸಂಕೇತದ ಬೆನ್ನೆಲುಬು ಕೂಡ ಕೈಟಿನ್ ಮಾದರಿಯ ಸಕ್ಕರೆ ಸರಪಳಿಯೇ. ಒಂದು ಕಡೆ ಮನೆಯವರು ಕರೆಯುತ್ತಾರೆ, ಇನ್ನೊಂದು ಕಡೆ ಬಂದವರು ಕದ ತಟ್ಟುತ್ತಾರೆ. ಕಡಲು ಕಾಣದ ಎರೆಹೊಲಕ್ಕೂ ಹವಾಯಿಯ ಮರಳಿಗೂ ಇಷ್ಟು ಹತ್ತಿರದ ಮಾತುಕತೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ತಡವಾಗಿ ಬಂತು.

ಪುಕ್ಕಟೆ ವಾಸಕ್ಕೆ ಮಾತ್ರ ಎರಡೂ ಕಡೆ ಆಸ್ಪದವಿಲ್ಲ. ಪ್ರಯೋಗಾಲಯದಲ್ಲಿ ಬೆಳಕಿನ ಜೀನ್ ಕೆಡಿಸಿದ ವಿಬ್ರಿಯೊವನ್ನು ಒಳಗೆ ಬಿಟ್ಟರೆ ಅದು ಮನೆ ಸೇರುತ್ತದೆ, ಆದರೆ ಒಂದೆರಡು ದಿನದಲ್ಲಿ ಕ್ಷೀಣಿಸುತ್ತದೆ. ಬೇರಿನಲ್ಲಿ ಇದನ್ನು ಸೋಯಾದ ಮೇಲೆ ಪರೀಕ್ಷಿಸಿದ್ದಾರೆ. ಸಾರಜನಕ ಕೊಡದ ಗಂಟಿಗೆ ಗಿಡ ಆಮ್ಲಜನಕದ ಪೂರೈಕೆಯನ್ನೇ ತಗ್ಗಿಸುತ್ತದೆಂದು 2003ರಲ್ಲಿ ಪ್ರಕಟವಾಯಿತು. ಬಾಡಿಗೆ ಕೊಡದವನ ನಲ್ಲಿ ಬಂದ್ ಮಾಡಿದ ಹಾಗೆ.

ಪ್ರಶ್ನೆ: ಹಲ್ಲಿಯ ಬಾಲದಂತೆ ಇದರ ಬಾಲವೂ ಉದುರಿ ಮೋಟಾಗಿದೆಯೇ? ಹಗಲು ಎಲ್ಲಿ ಮಲಗುತ್ತದೆ? ಇದಕ್ಕೆ ಎಲುಬು ಇದೆಯೇ?
— ಎಂಟನೆಯ ತರಗತಿಯ ವಿದ್ಯಾರ್ಥಿನಿ, ಬೀದರ

ಪುಟ್ಟೀ, ಉದುರಲು ಅದಕ್ಕೆ ಬಾಲವೇ ಇಲ್ಲ. ಬೇರೆ ಸ್ಕ್ವಿಡ್ಡುಗಳ ಮೈ ಹಿಂದಕ್ಕೆ ಚೂಪಾಗುತ್ತದೆ, ಇದರದ್ದು ಗುಂಡಗೆ ಮುಗಿಯುತ್ತದೆ. ದೊಡ್ಡದಾದ ಮೇಲೂ ಮೈಚೀಲ ಮೂರು ಸೆಂಟಿಮೀಟರ್ ಆಸುಪಾಸು. ಎರಡು ಕಿವಿಯಂತೆ ಈಜುರೆಕ್ಕೆ, ಎಂಟು ತೋಳು, ಬೇಟೆಗೆ ಎರಡು ಉದ್ದದ ಕೈ, ಮೂರು ಹೃದಯ, ನೀಲಿ ರಕ್ತ. ಕನ್ನಡದಲ್ಲಿ ಹೆಸರಿಲ್ಲದ ಕಾರಣ ಮೋಟುಬಾಲ ಎಂದು ನಾನು ಕರೆದೆ. ವಿಜ್ಞಾನಿಗಳಿಗೆ ಅದು ಯುಪ್ರಿಮ್ನಾ ಸ್ಕೊಲೊಪಿಸ್, 1913ರಲ್ಲಿ ಇಟ್ಟ ಹೆಸರು.

ಹಗಲು ಅದು ಮರಳಿನೊಳಗೆ. ಹೂತುಕೊಳ್ಳುವ ರೀತಿ ನೋಡುವಂಥದ್ದು. ಮೊದಲು ಹೊಟ್ಟೆಯ ಕೊಳವೆಯಿಂದ ನೀರು ಊದಿ ಮರಳಿನಲ್ಲಿ ಗುಂಡಿ ಮಾಡಿ ಕೂರುತ್ತದೆ. ಆಮೇಲೆ ಎರಡು ತೋಳನ್ನು ಹೊರಗೆ ಚಾಚಿ, ಚಳಿಗೆ ಕೌದಿ ಎಳೆದುಕೊಂಡಂತೆ, ಆಚೀಚಿನ ಮರಳನ್ನು ಬಾಚಿ ತಲೆಯ ಮೇಲೆ ಎಳೆದುಕೊಳ್ಳುತ್ತದೆ. ಕೊನೆಗೆ ಕಣ್ಣು ಮಾತ್ರ ಹೊರಗೆ. ಚರ್ಮದ ಲೋಳೆಗೆ ಮರಳು ಅಂಟಿ ಒಂದು ಅಂಗಿಯೇ ಆಗುತ್ತದೆ. ಅಪಾಯ ಬಂದರೆ ಆ ಅಂಗಿಯನ್ನು ಒಮ್ಮೆಗೇ ಕಳಚಿ ಪರಾರಿಯಾಗುತ್ತದೆ.

ಎಲುಬಿನ ಪ್ರಶ್ನೆ ಜಾಣ ಪ್ರಶ್ನೆ. ಗಂಧಿಗೆ ಅಂಗಡಿಯಲ್ಲಿ ಸಮುದ್ರನೊರೆ ಎಂದು ಬೆಳ್ಳಗಿನ ಹಗುರ ಬಿಲ್ಲೆ ಕೊಡುತ್ತಾರೆ, ಗಿಳಿಯ ಪಂಜರಕ್ಕೂ ಕಟ್ಟುತ್ತಾರೆ. ಅದು ನೊರೆಯಲ್ಲ, ಕಟಲ್‌ಫಿಶ್ ಎಂಬ ಸ್ಕ್ವಿಡ್ಡಿನ ನೆಂಟನ ಬೆನ್ನೊಳಗಿನ ಚಿಪ್ಪು. ಮೋಟುಬಾಲಕ್ಕೆ ಅಂಥದ್ದು ಇಲ್ಲ, ಪೂರಾ ಮೆತ್ತಗೆ. ನಮ್ಮ ಕಾಲೇಜಿನಲ್ಲಿ ಫಾರ್ಮಲಿನ್ ಶೀಶೆಯೊಳಗೆ ಒಂದು ದೊಡ್ಡ ಜಾತಿಯ ಸ್ಕ್ವಿಡ್ ಇತ್ತು. ಬೆಳ್ಳಗಾಗಿ ಬೆಂದ ಬದನೆಕಾಯಿಯಂತಿದ್ದ ಅದನ್ನೇ ನಿವೃತ್ತಿಯಾಗುವವರೆಗೂ ತೋರಿಸಿದೆ. ನೀನಾದರೂ ದೊಡ್ಡವಳಾಗಿ ಬದುಕಿರುವುದನ್ನು ನೋಡು.

ಪ್ರಶ್ನೆ: ಮೊಬೈಲಿನಲ್ಲಿ ಹುಡುಕಿದೆ. ಈ ಸ್ಕ್ವಿಡ್ ಪ್ರತಿದಿನ ಬೆಳಗ್ಗೆ ತನ್ನ ಬ್ಯಾಕ್ಟೀರಿಯಾಗಳನ್ನು ಹೊರಗೆ ಚೆಲ್ಲುತ್ತದಂತೆ. ಅಷ್ಟು ಕಷ್ಟಪಟ್ಟು ಸೇರಿಸಿಕೊಂಡದ್ದನ್ನು ಚೆಲ್ಲುವುದೇಕೆ?
— ಗೃಹಿಣಿ, ಆಳಂದ

ತಾಯೀ, ನೀವು ದಿನಾ ಹೆಪ್ಪು ಹಾಕುವುದಿಲ್ಲವೇ? ಮೊಸರೆಲ್ಲ ಖರ್ಚಾದರೂ ಒಂದು ಚಮಚ ಪಾತ್ರೆಯ ತಳದಲ್ಲಿ ಉಳಿಸುತ್ತೀರಿ, ಬೆಳಗಾಗುವಷ್ಟರಲ್ಲಿ ಮತ್ತೆ ಪಾತ್ರೆ ತುಂಬುತ್ತದೆ. ಸ್ಕ್ವಿಡ್ಡಿನ ಲೆಕ್ಕವೂ ಅದೇ, ಹೊತ್ತು ಮಾತ್ರ ತಿರುವುಮುರುವು. ನಸುಕಿನಲ್ಲಿ ನೂರಕ್ಕೆ 95ರಷ್ಟು ಬ್ಯಾಕ್ಟೀರಿಯಾಗಳನ್ನು ಹೊರಹಾಕಿ ಮರಳಿಗೆ ಇಳಿಯುತ್ತದೆ. ಉಳಿದ ಐದು ಪಾಲು ಹಗಲಿಡೀ ಬೆಳೆದು, ಸಂಜೆ ಬೇಟೆಗೆ ಹೊರಡುವ ಹೊತ್ತಿಗೆ ಅಂಗ ಭರ್ತಿ. ಹಗಲು ಬೆಳಕಿನ ಕೆಲಸವಿಲ್ಲ. ಕೆಲಸವಿಲ್ಲದ ಅಷ್ಟೊಂದು ಆಳುಗಳಿಗೆ ಊಟ ಹಾಕುವುದು ಯಾವ ಒಕ್ಕಲುತನಕ್ಕೂ ಕಟ್ಟುವುದಿಲ್ಲ.

ಚೆಲ್ಲಿದ್ದು ವ್ಯರ್ಥವೂ ಅಲ್ಲ. ಆ ನೀರಿನಲ್ಲಿ ವಿಬ್ರಿಯೊ ದಟ್ಟವಾಗುತ್ತದೆ, ಹೊಸದಾಗಿ ಹುಟ್ಟಿದ ಮರಿಗಳಿಗೆ ಅದೇ ಹೆಪ್ಪು. ತಾಯಿಯಿಂದ ನೇರವಾಗಿ ಸಿಗದದ್ದು ನೆರೆಮನೆಯಿಂದ ಸಿಗುತ್ತದೆ.

ತಾಯಿ ಏನನ್ನೂ ಕೊಡುವುದಿಲ್ಲ ಎಂದುಕೊಳ್ಳಬೇಡಿ. ಅದು ಮೊಟ್ಟೆಗಳಿಗೆ ಒಂದು ಲೋಳೆ ಸವರುತ್ತದೆ, ಆ ಲೋಳೆಯಲ್ಲಿ ಬೇರೆಯೇ ಬ್ಯಾಕ್ಟೀರಿಯಾಗಳಿವೆ. ಸಂಶೋಧಕರು ಔಷಧ ಹಾಕಿ ಅವುಗಳನ್ನು ಕೊಂದಾಗ ಮೊಟ್ಟೆಗಳಿಗೆ ಬೂಸು ಹಿಡಿಯಿತು, ಒದ್ದೆ ಕೈ ಹಾಕಿದ ಉಪ್ಪಿನಕಾಯಿಯ ಹಾಗೆ. ಮೊಟ್ಟೆ ಒಡೆಯಲು ಸುಮಾರು ಮೂರು ವಾರ ಬೇಕು, ಅಷ್ಟು ದಿನ ಕಾವಲಿಗೆ ತಾಯಿ ಇರುವುದಿಲ್ಲ. ಅದು ಬಿಟ್ಟುಹೋದ ಲೋಳೆಯೇ ಕಾವಲು.

ಪ್ರಶ್ನೆ: ಈ ಬ್ಯಾಕ್ಟೀರಿಯಾ ಒಂಟಿಯಾಗಿದ್ದಾಗ ಬೆಳಗುವುದಿಲ್ಲ ಎಂದು ಮಗ ಹೇಳುತ್ತಾನೆ. ಎಷ್ಟು ಜನ ಇದ್ದೇವೆಂದು ಅದಕ್ಕೆ ಹೇಗೆ ತಿಳಿಯುತ್ತದೆ?
— ಗ್ರಾಮ ಪಂಚಾಯಿತಿ ಸದಸ್ಯರು, ಶಹಾಪುರ, ಯಾದಗಿರಿ ಜಿಲ್ಲೆ

ಈ ಪ್ರಶ್ನೆಯನ್ನು ಪಂಚಾಯಿತಿ ಸದಸ್ಯರೇ ಕೇಳಬೇಕಿತ್ತು! ಏಕೆಂದರೆ ವಿಜ್ಞಾನಿಗಳು ಇದಕ್ಕೆ ಇಟ್ಟ ಹೆಸರಿನಲ್ಲಿ ನಿಮ್ಮ ಸಭೆಯ ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಇದೆ: ಕೋರಂ ಸೆನ್ಸಿಂಗ್. ಹೆಸರು ಬಂದದ್ದು 1994ರಲ್ಲಿ. ಸಂಗತಿ ಗಮನಕ್ಕೆ ಬಂದದ್ದು ಅದಕ್ಕೂ ಮುಂಚೆ, 1970ರಲ್ಲಿ ನೀಲ್ಸನ್, ಪ್ಲಾಟ್, ಹೇಸ್ಟಿಂಗ್ಸ್ ಎಂಬ ಮೂವರ ಪ್ರಯೋಗದಲ್ಲಿ. ಪ್ರತಿ ವಿಬ್ರಿಯೊ ಸಣ್ಣದೊಂದು ರಾಸಾಯನಿಕವನ್ನು ಸದಾ ಸೋರಿಸುತ್ತಿರುತ್ತದೆ. ತೆರೆದ ಸಮುದ್ರದಲ್ಲಿ ಅದು ತೇಲಿಹೋಗುತ್ತದೆ. ಇಕ್ಕಟ್ಟಾದ ಕೋಣೆಯಲ್ಲಿ ಕೋಟಿಗಟ್ಟಲೆ ಸೇರಿದಾಗ ರಾಸಾಯನಿಕ ದಟ್ಟವಾಗಿ, ಒಂದು ಮಟ್ಟ ಮುಟ್ಟಿದೊಡನೆ ಬೆಳಕಿನ ಜೀನ್‌ಗಳು ಚಾಲೂ ಆಗುತ್ತವೆ. ಹಾಜರಿ ಪುಸ್ತಕವಿಲ್ಲ, ಸಹಿ ಇಲ್ಲ. ಮನೆಯಲ್ಲಿ ಕುಳಿತು ಸಭೆಗೆ ಬಂದೆ ಎನ್ನಲು ಅಲ್ಲಿ ಅವಕಾಶವೂ ಇಲ್ಲ.

ಪ್ರಶ್ನೆ: ಇದರಿಂದ ಮನುಷ್ಯರಿಗೆ ಏನು ಉಪಯೋಗ?
— ನರ್ಸಿಂಗ್ ವಿದ್ಯಾರ್ಥಿನಿ, ಕಲಬುರಗಿ

ಉಪಯೋಗವಿದ್ದರೆ ಮಾತ್ರ ತಿಳಿಯಬೇಕು ಎಂಬ ಹಟ ನನಗಿಲ್ಲ, ಆದರೆ ನಿಮ್ಮ ವೃತ್ತಿಗೆ ಹತ್ತಿರದ ಒಂದು ಸಂಗತಿ ಇದೆ. ಮರಿಯ ಅಂಗದ ಹೊರಗೆ ಲೋಮಾಂಗಗಳ ತೋಳುಗಳಿವೆ ಎಂದೆನಲ್ಲ, ವಿಬ್ರಿಯೊ ಒಳಗೆ ನೆಲೆಯಾದ ಮೇಲೆ ಕೆಲವೇ ದಿನಗಳಲ್ಲಿ ಅವು ಕರಗಿಹೋಗುತ್ತವೆ. ಅತಿಥಿ ಬಂದಾಯಿತು, ಇನ್ನು ಚಪ್ಪರ ಬಿಚ್ಚಿ ಎಂಬಂತೆ. ಬಿಚ್ಚಲು ಹೇಳುವುದು ಆ ಬ್ಯಾಕ್ಟೀರಿಯಾದ ಕೋಶಗೋಡೆಯ ತುಣುಕುಗಳು. ಅವುಗಳಲ್ಲಿ ಮುಖ್ಯವಾದದ್ದು ನಾಯಿಕೆಮ್ಮಿನ ರೋಗಾಣು ಮಕ್ಕಳ ಶ್ವಾಸನಾಳದ ಲೋಮಾಂಗಗಳನ್ನು ಹಾಳು ಮಾಡಲು ಬಳಸುವ ವಿಷವೇ ಎಂದು 2004ರಲ್ಲಿ ತಿಳಿದುಬಂತು. ಅಣು ಒಂದೇ. ಮಗುವಿನ ಗಂಟಲಲ್ಲಿ ಅದನ್ನು ವಿಷ ಎನ್ನುತ್ತೇವೆ, ಸ್ಕ್ವಿಡ್ಡಿನಲ್ಲಿ ಅಂಗ ಬಲಿಯುವುದಕ್ಕೆ ಅದೇ ಬೇಕು. ಬ್ಯಾಕ್ಟೀರಿಯಾ ಎಂದೊಡನೆ ಡೆಟ್ಟಾಲ್ ಹುಡುಕುವ ನಮಗೆ ಇದನ್ನು ಅರಗಿಸಿಕೊಳ್ಳುವುದು ಸ್ವಲ್ಪ ಕಷ್ಟ.

ನಮ್ಮ ಕರುಳಿನಲ್ಲಿ ಸಾವಿರಾರು ಬಗೆಯ ಬ್ಯಾಕ್ಟೀರಿಯಾ ಸಂತೆ ನೆರೆದಿರುತ್ತದೆ. ಯಾರು ಯಾರೊಡನೆ ಏನು ಮಾತಾಡಿದರೆಂದು ಕೇಳಿಸುವುದಿಲ್ಲ. ಇಲ್ಲಿ ಒಂದು ಪ್ರಾಣಿ, ಒಂದು ಅಂಗ, ಒಂದೇ ಬ್ಯಾಕ್ಟೀರಿಯಾ. ಅದಕ್ಕೇ ಮಾರ್ಗರೆಟ್ ಮೆಕ್‌ಫಾಲ್-ನಾಯ್ ಮತ್ತು ಎಡ್ವರ್ಡ್ ರೂಬಿ ಎಂಬ ವಿಜ್ಞಾನಿಗಳು ಹಲವು ದಶಕಗಳಿಂದ ಇದೇ ಜೋಡಿಯ ಹಿಂದೆ ಬಿದ್ದಿದ್ದಾರೆ. ಅಂತರಿಕ್ಷದಲ್ಲಿ ಈ ಸ್ನೇಹ ಹೇಗೆ ಬದಲಾಗುತ್ತದೆಂದು ನೋಡಲು 2011ರಲ್ಲಿ ಎಂಡೆವರ್ ನೌಕೆಯ ಕೊನೆಯ ಯಾನದಲ್ಲಿ ಮರಿಗಳನ್ನು ಕಳುಹಿಸಲಾಗಿತ್ತು. 2021ರ ಜೂನ್‌ನಲ್ಲಿ 128 ಮರಿಗಳು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದವು.

ಪ್ರಶ್ನೆ: ನಮ್ಮ ಪರಸಿ ಕಲ್ಲು ಸಮುದ್ರದ ತಳದಲ್ಲಿ ಆದದ್ದು ಎನ್ನುತ್ತಾರೆ. ಅದರಲ್ಲಿ ಸ್ಕ್ವಿಡ್ಡಿನ ಪಳೆಯುಳಿಕೆ ಸಿಗಬಹುದೇ?
— ಕಲ್ಲಿನ ಗಣಿಯ ಮೇಸ್ತ್ರಿ, ಸೇಡಂ ರಸ್ತೆ

ಸಮುದ್ರದ ತಳ ನಿಜ, ಸ್ಕ್ವಿಡ್ ಇಲ್ಲ. ಶಹಾಬಾದಿನ ಸುಣ್ಣಕಲ್ಲು ಪದರಗಟ್ಟಿದಾಗ ಚಿಪ್ಪಿನ ಪ್ರಾಣಿಗಳೇ ಹುಟ್ಟಿರಲಿಲ್ಲ. ಸ್ಕ್ವಿಡ್ಡಿನ ವಂಶದ ಮೂಲಪುರುಷರು ಬಂದದ್ದು ಸುಮಾರು 50 ಕೋಟಿ ವರ್ಷಗಳ ಹಿಂದೆ, ನಿಮ್ಮ ಪರಸಿ ಅದಕ್ಕಿಂತ ಬಹಳ ಹಳೆಯದು. ಕಲ್ಲು ಸೀಳುವಾಗ ಅಲೆಯ ಗೀರುಗಳಂಥ ಗುರುತು ಕಂಡರೆ ಫೋಟೋ ತೆಗೆದು ಕಳುಹಿಸಿ. ಅದರ ಬಗ್ಗೆ ಬೇರೆಯಾಗಿ ಬರೆಯುವೆ, ಈ ಸಲ ಪುಸ್ತಕ ತೆರೆದು.

ಪ್ರಶ್ನೆ: ಮಂಗಳೂರಿಗೆ ಹೋದಾಗ, ಅಲ್ಲಿ ಬೊಂಡಾಸ್ ಎನ್ನುವ ಸ್ಕ್ವಿಡ್ ತಿಂದಿದ್ದೇನೆ, ರುಚಿಯಾಗಿತ್ತು. ಇದನ್ನೂ ತಿನ್ನಬಹುದೇ?
— ಬಸ್ ಚಾಲಕರು, ಹುಮನಾಬಾದ

ಮೋಟುಬಾಲದ ಕೆಲವು ಜಾತಿಗಳನ್ನು ಮೆಡಿಟರೇನಿಯನ್ ತೀರದವರು ತಿನ್ನುತ್ತಾರೆ, ಅಲ್ಲಿನ ಪೇಟೆಯಲ್ಲಿ ಮಾರಾಟಕ್ಕೂ ಇಡುತ್ತಾರೆ. ಹವಾಯಿಯ ಈ ಜಾತಿ ಮಾತ್ರ ಒಂದೊಂದು ಮೂರು ಗ್ರಾಂ ತೂಗಿದರೆ ಹೆಚ್ಚು, ಬದುಕುವುದು ಒಂದು ವರ್ಷಕ್ಕಿಂತ ಕಡಿಮೆ. ಪಾವು ಕಿಲೋ ಆಗಬೇಕಾದರೆ ಎಂಬತ್ತು ತೊಂಬತ್ತು ಬೇಕು. ಅಷ್ಟನ್ನೂ ಮರಳು ತೊಳೆದು, ಮಸಿಚೀಲ ತೆಗೆದು ಸ್ವಚ್ಛ ಮಾಡಿಕೊಡಲು ನಿಮ್ಮ ಮನೆಯವರು ಒಪ್ಪುತ್ತಾರೆಯೇ ಎಂದು ಮೊದಲು ಕೇಳಿ ನೋಡಿ.